ನೇರಳೆ ಗಿಣ್ಣಿನ ಪೈರು

ಜಿಕೆವಿಕೆಯಲ್ಲಿ, ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ, ಓದಿದವನು ಅಂತ ಗೊತ್ತಾದರೆ ಸಾಕು, ನಮ್ಮ ತುಮಕೂರು ಕಡೆ ಜನ ಕೇಳುವುದು ಒಂದೇ ಮಾತು: "ಈ ಸಲ ಯಾವ ಬೀಜ ಹಾಕಿದ್ರೆ ಒಳ್ಳೇದು?" ಅದರಲ್ಲಿ ತಪ್ಪೇನಿಲ್ಲ. ರೈತರಿಗೆ ಕೃಷಿ ವಿಶ್ವವಿದ್ಯಾಲಯ ಎಂದರೆ ಬೀಜ, ಸಲಹೆ, ನವೆಂಬರಿನಲ್ಲಿ ನಡೆಯುವ ಕೃಷಿ ಮೇಳ. ಆದರೆ ಬಳ್ಳಾರಿ ರಸ್ತೆಯ ಆ ಗೇಟಿನ ಒಳಗೆ ಎಷ್ಟು ಬಗೆಯ ಸಂಶೋಧನೆ ನಡೆಯುತ್ತದೆ ಅನ್ನುವುದು ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ. ಒಳಗೇ ಇರುವ ಎಷ್ಟೋ ವಿದ್ಯಾರ್ಥಿಗಳಿಗೂ ಗೊತ್ತಿರುವುದಿಲ್ಲ. ನಮ್ಮ ವಿಶ್ವವಿದ್ಯಾಲಯದ ಪತ್ರಿಕೆಗೆ ಏನಾದರೂ ಬರೆಯಿರಿ ಎಂದು ಸಂಪಾದಕರು ಕೇಳಿದಾಗ, ಹಾಸ್ಟೆಲ್ ದಿನಗಳ ಬದಲು ಇದನ್ನೇ ಬರೆಯಬೇಕು ಅನಿಸಿತು.

ನಾನು ಎಂ.ಎಸ್ಸಿ.ಗೆ ಸೇರಿದ್ದು 1990ರ ದಶಕದ ಮಧ್ಯದಲ್ಲಿ. ತಳಿಶಾಸ್ತ್ರ ವಿಭಾಗ. ಥೀಸಿಸ್‌ಗೆ ಸಿಕ್ಕ ಬೆಳೆ ರಾಗಿ. ಮುದ್ದೆ ತಿಂದು ಬೆಳೆದವನಿಗೆ ರಾಗಿಯ ಬಗ್ಗೆ ಹೊಸದಾಗಿ ತಿಳಿಯುವುದೇನಿದೆ ಅಂದುಕೊಂಡೇ ಹೊಲಕ್ಕೆ ಇಳಿದಿದ್ದೆ. ರಾಗಿ ಹೂ ಬಿಡುವುದನ್ನು ಅದುವರೆಗೆ ಯಾವತ್ತೂ ನೋಡಿರಲಿಲ್ಲ. ನಮ್ಮಪ್ಪನೂ ನೋಡಿರಲಿಲ್ಲ. ನೋಡುವುದಾದರೂ ಹೇಗೆ? ಆ ಹೂ ಅರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಕು ಹರಿಯುವುದರೊಳಗೆ. ಅದೂ ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು. ತೆನೆಯ ಬೆರಳಿನ ತುದಿಯಿಂದ ಶುರುವಾಗಿ ದಿನಕ್ಕಿಷ್ಟು ಅಂತ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಅರಳಿದ ಕೆಲವೇ ನಿಮಿಷದಲ್ಲಿ ತನ್ನ ಪರಾಗ ತನ್ನ ಮೇಲೇ ಬಿದ್ದು ಕೆಲಸ ಮುಗಿದುಹೋಗುತ್ತದೆ. ಬೇರೆ ಗಿಡದ ಪರಾಗಕ್ಕೆ ಅಲ್ಲಿ ಜಾಗವೇ ಇಲ್ಲ ಅನ್ನಬಹುದು.

ಹಾಗಿದ್ದ ಮೇಲೆ ಎರಡು ತಳಿಗಳನ್ನು ಸೇರಿಸುವುದು ಹೇಗೆ? ನಮಗೆ ಕಲಿಸಿದ ದಾರಿ ತುಂಬಾ ಸರಳ. ಹೂ ಬಿಡಲು ಸಿದ್ಧವಾದ ಎರಡು ತೆನೆಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟಿ, ಮೇಲೆ ಕಾಗದದ ಚೀಲ ಹಾಕುವುದು. ಇಡೀ ತೆನೆಯಲ್ಲಿ ಎಲ್ಲೋ ಕೆಲವು ಹೂಗಳಲ್ಲಿ ಪಕ್ಕದ ತೆನೆಯ ಪರಾಗ ಗೆಲ್ಲುತ್ತದೆ. ಆದರೆ ಒಕ್ಕಿದ ಸಾವಿರಾರು ಕಾಳಿನಲ್ಲಿ ಆ ನಾಲ್ಕಾರು ಕಾಳು ಯಾವುವು? ನೋಡಿದರೆ ಎಲ್ಲಾ ಒಂದೇ ಥರ. ಅದಕ್ಕೊಂದು ಜಾಣತನದ ಉಪಾಯವಿದೆ. ತಾಯಿಯಾಗಿ ಪೂರ್ತಿ ಹಸಿರು ಗಿಡವನ್ನು, ತಂದೆಯಾಗಿ ಗಿಣ್ಣಿನಲ್ಲಿ ನೇರಳೆ ಬಣ್ಣವಿರುವ ಗಿಡವನ್ನು ಆರಿಸಿಕೊಳ್ಳಬೇಕು. ನೇರಳೆ ಪ್ರಬಲ ಗುಣ, ಅಂದರೆ ತಂದೆಯಿಂದ ಮಾತ್ರ ಬಂದರೂ ಮರಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕಾಳುಗಳನ್ನೆಲ್ಲ ಬಿತ್ತಿ ಕಾಯ್ದರೆ, ಹಸಿರು ಪೈರಿನ ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಗಿಣ್ಣು ಕಾಣಿಸುತ್ತದೆ. ಅದೇ ಸಂಕರ.

ನಮ್ಮ ಪ್ಲಾಟಿನಲ್ಲಿ ಕೆಲಸಕ್ಕೆ ಬರುತ್ತಿದ್ದ ಅಕ್ಕನೊಬ್ಬರು ಆ ಗಿಣ್ಣನ್ನು ನನಗಿಂತ ಮೊದಲೇ ಹಿಡಿಯುತ್ತಿದ್ದರು. ನಾನು ಸಾಲಿನ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಪೈರು ಬಗ್ಗಿಸಿ ನೋಡುತ್ತಿದ್ದರೆ, ಅವರು ನಿಂತಲ್ಲಿಂದಲೇ "ಸಾರ್, ಅಲ್ಲೈತೆ ನೋಡಿ ನಿಮ್ದು" ಅನ್ನುತ್ತಿದ್ದರು. ಎಷ್ಟೋ ಬ್ಯಾಚಿನ ವಿದ್ಯಾರ್ಥಿಗಳ ರಾಗಿ ಅವರ ಕೈ ದಾಟಿ ಹೋಗಿತ್ತು. ನಮ್ಮ ಥೀಸಿಸ್‌ಗಳ ಮೊದಲ ಪುಟದಲ್ಲಿ ಇಂಥವರ ಹೆಸರೂ ಇರಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ರಾಗಿ ಅಂದಮೇಲೆ ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರ, ಅಲ್ಲಿ ದುಡಿದ ಲಕ್ಷ್ಮಣಯ್ಯನವರು ನೆನಪಾಗಲೇಬೇಕು. ಜನ ಅವರನ್ನು ಕರೆಯುತ್ತಿದ್ದದ್ದೇ ರಾಗಿ ಲಕ್ಷ್ಮಣಯ್ಯ ಎಂದು. ನಮ್ಮ ನಾಡಿನ ರಾಗಿ ಬೇಗ ಕೊಯ್ಲಿಗೆ ಬರುತ್ತದೆ, ಆಫ್ರಿಕಾದ ರಾಗಿಯ ಕಾಂಡ ಗಟ್ಟಿ, ತೆನೆ ದಪ್ಪ. ಎರಡನ್ನೂ ಸೇರಿಸಿ ಅವರು ಮಾಡಿದ ತಳಿಗಳೇ ಇಂಡಾಫ್. ಇಂಡಿಯಾದ ಮೊದಲ ಅಕ್ಷರಗಳು, ಆಫ್ರಿಕಾದ ಮೊದಲ ಅಕ್ಷರಗಳು, ಅಷ್ಟೇ ಆ ಹೆಸರು. ನಾನು ಓದುತ್ತಿದ್ದ ಹೊತ್ತಿಗೇ ಜಿಕೆವಿಕೆಯಿಂದ ಜಿಪಿಯು 28 ಬಂತು. ಬೆಂಕಿ ರೋಗ ತಡೆಯುವ ತಳಿ ಅಂತ ರೈತರು ಅದನ್ನು ಬೇಗ ಒಪ್ಪಿಕೊಂಡರು. ಅದರ ವಂಶ ನೋಡಿದರೆ ಇಂಡಾಫ್ 5 ಇದೆ, ಇಂಡಾಫ್ 9 ಇದೆ. ಲಕ್ಷ್ಮಣಯ್ಯನವರ ಕೆಲಸದ ಮೇಲೆ ಇನ್ನೊಬ್ಬರು ಕಟ್ಟಿದ ಕೆಲಸ ಅದು. ಒಂದು ತಳಿ ರೈತರ ಹೊಲ ಮುಟ್ಟಲು ಸುಮಾರು ಹತ್ತು ವರ್ಷ ಬೇಕು. ಎಂ.ಎಸ್ಸಿ. ಮುಗಿಯುವುದು ಎರಡೇ ವರ್ಷಕ್ಕೆ. ಶುರು ಮಾಡಿದವನೇ ಮುಗಿಸುತ್ತಾನೆ ಅನ್ನುವ ಲೆಕ್ಕ ಅಲ್ಲಿ ನಡೆಯುವುದೇ ಇಲ್ಲ.

ನಮ್ಮ ವಿಭಾಗದಿಂದ ಸ್ವಲ್ಪ ನಡೆದರೆ ಕೀಟಶಾಸ್ತ್ರ. ಅಲ್ಲಿ ನನ್ನ ರೂಮ್‌ಮೇಟ್ ಜಿಗಿಹುಳುಗಳ ಹಿಂದೆ ಬಿದ್ದಿದ್ದ. ಮಾವಿನ ಹೂವಿನ ಕಾಲದಲ್ಲಿ ಮರದ ಕೆಳಗೆ ನಿಂತರೆ ಮುಖಕ್ಕೆ ಚಟಚಟ ಬಡಿಯುತ್ತವಲ್ಲ, ಆ ಬಳಗದ ಹುಳು. ಈ ಜಿಗಿಹುಳುಗಳ ವರ್ಗೀಕರಣದಲ್ಲಿ ಜಗತ್ತೇ ಗೌರವಿಸುವ ಹೆಸರು ಪ್ರೊ. ಸಿ.ಎ. ವಿರಕ್ತಮಠ ಅವರದು. ಅವರು ಕೆಲಸ ಮಾಡಿದ್ದು ನಮ್ಮ ಕ್ಯಾಂಪಸ್ಸಿನಲ್ಲೇ. ಜಿಗಿಹುಳುವನ್ನು ಹೊರಗಿನಿಂದ ನೋಡಿ ಇದು ಇಂಥ ಜಾತಿ ಎಂದು ಹೇಳಲು ಹೆಚ್ಚಿನ ಸಲ ಆಗುವುದಿಲ್ಲ. ಗಂಡು ಹುಳುವಿನ ಹೊಟ್ಟೆಯ ಭಾಗವನ್ನು ಬಿಡಿಸಿ, ಕ್ಷಾರದಲ್ಲಿ ಹಾಕಿ ಮೆದುವಾಗಿಸಿ, ಗ್ಲಿಸರಿನ್ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ಅದರ ಜನನಾಂಗದ ಆಕಾರ ನೋಡಬೇಕು. ನೋಡಿದ್ದನ್ನು ಕೈಯಲ್ಲೇ ಚಿತ್ರ ಬರೆಯಬೇಕು. ಒಂದು ಸಣ್ಣ ಮುಳ್ಳು ಈ ಕಡೆ ಬಾಗಿದ್ದರೆ ಒಂದು ಜಾತಿ, ಆ ಕಡೆ ಬಾಗಿದ್ದರೆ ಇನ್ನೊಂದು.

ಇಷ್ಟೆಲ್ಲಾ ಯಾಕೆ ಅಂತ ನಾನೇ ಒಮ್ಮೆ ಕೇಳಿದ್ದೆ. ನನ್ನ ಗೆಳೆಯ ಬದನೆಯ ಕಿರುಎಲೆ ರೋಗ ಬಂದ ಒಂದು ಗಿಡ ತೋರಿಸಿದ. ಎಲೆಗಳೆಲ್ಲ ಚಿಕ್ಕದಾಗಿ ಗುಂಪುಗುಂಪಾಗಿದ್ದವು, ಕಾಯಿ ಒಂದೂ ಇರಲಿಲ್ಲ. ಆ ರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತು ತರುವುದು ಒಂದು ಜಾತಿಯ ಜಿಗಿಹುಳು. ಪಕ್ಕದಲ್ಲೇ ಹಾರಾಡುವ ಇನ್ನೊಂದು ಜಾತಿಗೂ ಅದಕ್ಕೂ ಸಂಬಂಧವಿಲ್ಲ. ಯಾವ ಹುಳು ಅಂತ ಗೊತ್ತಿಲ್ಲದೆ ಯಾವುದಕ್ಕೆ ಅಂತ ಔಷಧಿ ಹೊಡೆಯುತ್ತೀರಿ? ಆ ಮಾತು ಕೇಳಿದ ಮೇಲೆ ನಾಫ್ತಲಿನ್ ವಾಸನೆಯ ಆ ಕೀಟದ ಪೆಟ್ಟಿಗೆಗಳನ್ನು ನೋಡುವ ನನ್ನ ದೃಷ್ಟಿಯೇ ಬೇರೆಯಾಯಿತು. ಪ್ರತಿ ಹುಳುವಿನ ಕೆಳಗೂ ಸೂಜಿಗೆ ಚುಚ್ಚಿದ ಪುಟಾಣಿ ಚೀಟಿ. ಎಲ್ಲಿ ಸಿಕ್ಕಿತು, ಯಾವ ದಿನ, ಹಿಡಿದವರು ಯಾರು. ಅಷ್ಟೇ. ಇಷ್ಟು ಚಿಕ್ಕ ಅಕ್ಷರದಲ್ಲಿ ಇಷ್ಟು ಪ್ರಾಮಾಣಿಕವಾದ ಬರಹ ನಾನು ಬೇರೆಲ್ಲೂ ಕಂಡಿಲ್ಲ.

ಬೆಳೆ ಶರೀರಕ್ರಿಯಾ ವಿಭಾಗದ ಗೆಳೆಯರ ಕಷ್ಟ ಬೇರೆ ಥರ. ಅವರದು ಶೇಂಗಾ, ಕುಂಡ, ತಕ್ಕಡಿ. ಕುಂಡವನ್ನು ದಿನಾ ತೂಗಬೇಕು, ನಿನ್ನೆಗಿಂತ ಎಷ್ಟು ಕಮ್ಮಿಯಾಯಿತೋ ಅಷ್ಟು ನೀರು ಹಾಕಬೇಕು, ಬರೆದಿಡಬೇಕು. ಭಾನುವಾರ, ಹಬ್ಬ ಯಾವುದೂ ಇಲ್ಲ. ಒಂದು ಗಿಡ ಎಷ್ಟು ನೀರು ಕುಡಿದು ಎಷ್ಟು ಬೆಳೆಯಿತು ಅನ್ನುವುದೇ ಪ್ರಶ್ನೆ. ಇದನ್ನು ಸಾವಿರ ಗಿಡಕ್ಕೆ ಮಾಡಲು ಸಾಧ್ಯವೇ? ಅಲ್ಲಿಗೆ ಇಂಗಾಲದ ಐಸೊಟೋಪ್, ಅಂದರೆ ತೂಕದಲ್ಲಿ ಮಾತ್ರ ಬೇರೆಯಾದ ಇಂಗಾಲದ ರೂಪಗಳು, ಬರುತ್ತವೆ. ಗಾಳಿಯಲ್ಲಿ ಹಗುರ ಇಂಗಾಲ ಜಾಸ್ತಿ, ಭಾರದ ಇಂಗಾಲ ಸ್ವಲ್ಪ. ಗಿಡ ಸಾಮಾನ್ಯವಾಗಿ ಭಾರದ್ದನ್ನು ಆದಷ್ಟು ದೂರವಿಡುತ್ತದೆ. ನೀರು ಉಳಿಸಲು ಎಲೆಯ ರಂಧ್ರಗಳನ್ನು ಬಿಗಿ ಮಾಡಿಕೊಂಡ ಗಿಡಕ್ಕೆ ಆ ಆಯ್ಕೆ ಕಮ್ಮಿ, ಒಳಗೆ ಸಿಕ್ಕಿದ್ದನ್ನೇ ಬಳಸಬೇಕು, ಅದರ ಎಲೆಯಲ್ಲಿ ಭಾರದ ಇಂಗಾಲ ಜಾಸ್ತಿ ಸೇರುತ್ತದೆ. ಹಾಗಾಗಿ ಒಣಗಿಸಿ ಪುಡಿ ಮಾಡಿದ ಒಂದು ಚಿಟಿಕೆ ಎಲೆಯಲ್ಲಿ, ಆ ಗಿಡ ನೀರನ್ನು ಹೇಗೆ ಬಳಸಿತು ಅನ್ನುವ ಲೆಕ್ಕ ಸಿಗುತ್ತದೆ. ಅದನ್ನು ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಇರುವ ರಾಷ್ಟ್ರೀಯ ಸೌಲಭ್ಯವೇ ಆ ವಿಭಾಗದಲ್ಲಿದೆ. ಮಳೆಯನ್ನೇ ನಂಬಿದ ನಮ್ಮ ಬಯಲುಸೀಮೆಗೆ ಇದಕ್ಕಿಂತ ಹತ್ತಿರದ ವಿಜ್ಞಾನ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಮ್ಮಲ್ಲೇ ಇದ್ದ ವಿಜ್ಞಾನಿಗಳಾದ ಕೆ.ಎನ್. ಗಣೇಶಯ್ಯ ಮತ್ತು ಆರ್. ಉಮಾಶಂಕರ್ ಅವರ ಕೆಲಸದ ಬಗ್ಗೆ ಮೊದಲ ಸಲ ಕೇಳಿದಾಗ, ಇದು ಕೃಷಿಯಾ ಅಂತ ನಮಗೆಲ್ಲ ಆಶ್ಚರ್ಯ. ಶೀಶಂ ಮರದ ಎಳೆಯ ಕಾಯಿಯಲ್ಲಿ ಹಲವು ಬೀಜಾಂಡ ಇರುತ್ತವೆ. ಬಲಿತಾಗ ಹೆಚ್ಚಿನ ಕಾಯಿಗಳಲ್ಲಿ ಉಳಿಯುವುದು ಒಂದೇ ಬೀಜ. ಉಳಿದವು ಏನಾದವು? ಮುಂದೆ ಬಂದ ಬೀಜವೇ ರಾಸಾಯನಿಕವೊಂದನ್ನು ಬಿಟ್ಟು ತನ್ನ ಒಡಹುಟ್ಟಿದವನ್ನು ಸಾಯಿಸುತ್ತದೆ ಎಂದು ಇವರಿಬ್ಬರೂ 1988ರಲ್ಲಿ ಪ್ರಕಟಿಸಿದರು. ಒಂದೇ ಬೀಜದ ಕಾಯಿ ಹಗುರ, ಗಾಳಿಯಲ್ಲಿ ಜಾಸ್ತಿ ದೂರ ಹೋಗುತ್ತದೆ. ಆ ಬೀಜಕ್ಕೆ ಅದೇ ಲಾಭ. ದಾಯಾದಿ ಜಗಳ ಕಾಯಿಯೊಳಗೂ ಇದೆ! ಇದರಿಂದ ರೈತರಿಗೇನು ಅಂತ ಆಗ ನಾವು ವಾದ ಮಾಡುತ್ತಿದ್ದೆವು. ಈಗ ನನಗೆ ಆ ವಾದದಲ್ಲಿ ಆಸಕ್ತಿ ಇಲ್ಲ. ವಿಶ್ವವಿದ್ಯಾಲಯ ಅಂದಮೇಲೆ ಇಂಥ ಪ್ರಶ್ನೆಗೂ ಒಂದು ಕೋಣೆ ಇರಲೇಬೇಕು. ಉಮಾಶಂಕರ್ ಅವರ ಬಳಗ ಮುಂದೆ ಪಶ್ಚಿಮ ಘಟ್ಟದ ದುರ್ವಾಸನೆ ಮರದ ಮೇಲೂ ದೊಡ್ಡ ಕೆಲಸ ಮಾಡಿತು. ಕ್ಯಾನ್ಸರ್ ಔಷಧಿಗಳಿಗೆ ಮೂಲವಾದ ಕ್ಯಾಂಪ್ಟೊಥೆಸಿನ್ ಆ ಮರದಲ್ಲಿದೆ.

ಸೂಕ್ಷ್ಮಜೀವಿ ವಿಭಾಗದಲ್ಲಿ ಡಿ.ಜೆ. ಭಾಗ್ಯರಾಜ್ ಅವರ ಮೈಕೊರೈಜಾ, ಅಂದರೆ ಬೇರಿನೊಳಗೆ ಸೇರಿಕೊಂಡು ಗಿಡಕ್ಕೆ ರಂಜಕ ತಂದುಕೊಡುವ ಶಿಲೀಂಧ್ರ. ನೀಲಿ ಬಣ್ಣ ಹಾಕಿದ ಬೇರಿನ ಚೂರಿನಲ್ಲಿ ಅದರ ಎಳೆಗಳನ್ನು ನೋಡಿದ್ದು ಚೆನ್ನಾಗಿ ನೆನಪಿದೆ. ಅದೇ ಕ್ಯಾಂಪಸ್ಸಿನ ಒಂದು ಮೂಲೆಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್, ಅಲ್ಲಿ ಹಣ್ಣಿನ ನೊಣದ ಮೆದುಳು, ಜೀವಕೋಶದ ಒಳಗಿನ ಓಡಾಟ. ರೇಷ್ಮೆ, ಜೇನು, ಹಲಸು, ಹುಣಸೆ ಎಲ್ಲದಕ್ಕೂ ಯಾರೋ ಒಬ್ಬರು ತಲೆ ಕೊಟ್ಟು ಕೂತಿರುತ್ತಿದ್ದರು.

ಅವರೆಯ ವಿಷಯ ಬಿಟ್ಟರೆ ಬೆಂಗಳೂರಿನವರು ಸುಮ್ನೆ ಬಿಡುವುದಿಲ್ಲ. ನಾಟಿ ಅವರೆ ಹೂ ಬಿಡುವುದು ಹಗಲು ಕಿರಿದಾದಾಗ ಮಾತ್ರ. ಅದಕ್ಕೇ ಅದು ಚಳಿಗಾಲದ ಬೆಳೆ. ಹಗಲಿನ ಹಂಗಿಲ್ಲದೆ ವರ್ಷವಿಡೀ ಬೆಳೆಯಬಲ್ಲ ಹೆಬ್ಬಾಳ ಅವರೆ 3 ಮತ್ತು 4 ನಮ್ಮ ವಿಶ್ವವಿದ್ಯಾಲಯದ ಕೊಡುಗೆ. ಒಂದು ಕೃಷಿ ಮೇಳದಲ್ಲಿ ಕೋಲಾರದ ಕಡೆಯ ಹಿರಿಯರೊಬ್ಬರು ಆ ಕಾಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿದರು. "ಇಳುವರಿ ಸರಿ ಕಣಪ್ಪ, ಸೊಗಡೆಲ್ಲಿ?" ಅಂದರು. ನಮ್ಮ ಮೇಷ್ಟ್ರು ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಸಿಪ್ಪೆಯ ಮೇಲಿನ ಆ ಜಿಡ್ಡಿನಲ್ಲೇ ಸೊಗಡು ಇರುವುದು, ಅದೂ ವಂಶದಲ್ಲಿ ಬರುವ ಗುಣ, ಅದನ್ನೂ ನೋಡಿ ಆರಿಸಬೇಕು ಅಂತ ನಮಗೆ ಅಲ್ಲೇ ನಿಂತು ಪಾಠ ಮಾಡಿದರು. ಆಮೇಲೆ ಸೊಗಡಿನ ಮೇಲೂ ವಿದ್ಯಾರ್ಥಿಗಳು ಕೆಲಸ ಮಾಡಿದರು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಣಭೂಮಿ ಬೇಸಾಯ ಯೋಜನೆಯ ಗೊಬ್ಬರದ ತಾಕುಗಳು. 1978ರಲ್ಲಿ ಶುರುವಾದ ಪ್ರಯೋಗ. ಒಂದು ತಾಕಿಗೆ ಏನೂ ಹಾಕುವುದಿಲ್ಲ. ಒಂದಕ್ಕೆ ರಾಸಾಯನಿಕ ಗೊಬ್ಬರ ಮಾತ್ರ. ಒಂದಕ್ಕೆ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ. ಒಂದಕ್ಕೆ ಎರಡೂ. ಪ್ರತಿ ವರ್ಷ ಅದೇ ತಾಕು, ಅದೇ ಪ್ರಮಾಣ. ಕೆಲವು ಕಡೆ ರಾಗಿಯ ಮೇಲೆ ರಾಗಿ, ಕೆಲವು ಕಡೆ ಒಂದು ವರ್ಷ ಶೇಂಗಾ, ಒಂದು ವರ್ಷ ರಾಗಿ. ಬದುವಿನ ಮೇಲೆ ನಿಂತರೆ ಸಾಕು, ಕಣ್ಣಿಗೇ ಕಾಣುತ್ತಿತ್ತು. ಏನೂ ಹಾಕದ ತಾಕಿನ ರಾಗಿ ಮೊಣಕಾಲಿಗೂ ಬಂದಿರಲಿಲ್ಲ, ಎಲೆ ಹಳದಿ. ಬರೀ ರಾಸಾಯನಿಕ ಗೊಬ್ಬರದ ತಾಕು ವರ್ಷ ಕಳೆದಂತೆ ಸೋಲುತ್ತಿತ್ತು, ಕೆಂಪು ಮಣ್ಣು ಹುಳಿಯಾಗುತ್ತಾ ಹೋಗಿತ್ತು. ಎರಡೂ ಕೊಟ್ಟ ತಾಕು ಮಾತ್ರ ಒಳ್ಳೆ ಮಳೆಯಲ್ಲೂ ಕೆಟ್ಟ ಮಳೆಯಲ್ಲೂ ನಿಲ್ಲುತ್ತಿತ್ತು. ಇದನ್ನು ಮೂರು ವರ್ಷದ ಪ್ರಾಜೆಕ್ಟಿನಲ್ಲಿ ಯಾರೂ ಹೇಳಲಾರರು. ವರ್ಷವೂ ಬಿತ್ತಿ, ಕೊಯ್ದು, ತೂಗಿ, ಬರೆದಿಟ್ಟವರು ಇದ್ದದ್ದರಿಂದ ತಿಳಿಯಿತು. ಊರಲ್ಲಿ ಬೀಜ ಕೇಳುವವರಿಗೆ ನಾನು ಬೀಜಕ್ಕಿಂತ ಮೊದಲು ಈ ತಾಕುಗಳ ಕಥೆಯನ್ನೇ ಹೇಳುತ್ತೇನೆ.

1964ರಲ್ಲಿ ಶುರುವಾದ ವಿಶ್ವವಿದ್ಯಾಲಯ ನಮ್ಮದು. ಹೆಬ್ಬಾಳದ ಕೆಲಸ ಅದಕ್ಕೂ ಹಳೆಯದು, ಮೈಸೂರು ಸಂಸ್ಥಾನಕ್ಕೆ ಬಂದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲೇ ಇತ್ತು. ಅಡಿಕೆಯ ಕೊಳೆರೋಗಕ್ಕೆ ಮಲೆನಾಡಿನಲ್ಲಿ ಇಂದಿಗೂ ಹೊಡೆಯುವ ಬೋರ್ಡೋ ದ್ರಾವಣದ ಹಿಂದೆ ಅವರ ದುಡಿಮೆ ಇದೆ. ಇಷ್ಟು ಹಳೆಯ ಸಂಸ್ಥೆಯಲ್ಲಿ ಯಾವ ತಾಕನ್ನು ಯಾರು ಶುರು ಮಾಡಿದರು, ಯಾವ ವರ್ಷ ಏನು ಬದಲಾಯಿತು ಅನ್ನುವ ಎಷ್ಟೋ ಸಂಗತಿ ವರದಿಗಳಲ್ಲಿ ಇಲ್ಲ. ಫೀಲ್ಡ್ ಅಸಿಸ್ಟೆಂಟರ ತಲೆಯಲ್ಲಿವೆ, ನಿವೃತ್ತರಾದ ಮೇಷ್ಟ್ರುಗಳ ಮನೆಯ ಹಳೇ ಡೈರಿಗಳಲ್ಲಿವೆ. ಅವರಲ್ಲಿ ಹಲವರು ಈಗಲೂ ಹೆಬ್ಬಾಳ, ಸಹಕಾರನಗರ, ಯಲಹಂಕದ ಸುತ್ತಮುತ್ತಲೇ ಇದ್ದಾರೆ. ಸಂಪಾದಕರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಂಚಿಕೆಯಿಂದ ಒಂದೊಂದು ವಿಭಾಗದ ಒಂದೊಂದು ಹಳೆಯ ಪ್ರಯೋಗದ ಬಗ್ಗೆ, ಅದನ್ನು ನಡೆಸಿದವರನ್ನೇ ಮಾತಾಡಿಸಿ ಬರೆಸಿ. ಗೊಬ್ಬರದ ತಾಕುಗಳಿಂದ ಶುರು ಮಾಡುವುದಾದರೆ ವಿದ್ಯಾರ್ಥಿಗಳ ಜೊತೆ ಓಡಾಡಲು, ಬರೆದುಕೊಳ್ಳಲು ನಾನು ಸಿದ್ಧ.