ಮುಕ್ತಾಬಾಯಿಯ ವೇಷದ ಹುಡುಗಿ

ಕಳೆದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ‘ಭಕ್ತ ಕುಂಬಾರ’ ಬರುತ್ತಿತ್ತು. ದಾವಣಗೆರೆಯ ಹಳೇ ಊರಿನಲ್ಲಿರುವ ನಮ್ಮ ಮನೆಗೆ, ಇಂಥ ಹಳೆಯ ಚಿತ್ರಗಳಿದ್ದಾಗ, ಹಿಂದಿನ ಓಣಿಯ ಅಜ್ಜಿಯೊಬ್ಬರು ತಪ್ಪದೆ ಬರುತ್ತಾರೆ. ಅವರ ಮನೆಯ ಟಿವಿಯ ರಿಮೋಟು ಮೊಮ್ಮಕ್ಕಳ ವಶದಲ್ಲಿದೆ. 1974ರ ಆ ಚಿತ್ರದಲ್ಲಿ ರಾಜ್‌ಕುಮಾರ್ ಅವರ ಗೋರಾ ಕುಂಬಾರನನ್ನು ನೋಡಲೆಂದು ನಾನು ಕೂತಿದ್ದೆ. ಅಜ್ಜಿಯ ಕಣ್ಣು ಮಾತ್ರ ಸಂತ ಮುಕ್ತಾಬಾಯಿಯ ವೇಷ ಹಾಕಿದ್ದ ಹುಡುಗಿಯ ಮೇಲಿತ್ತು. “ಅದು ಶ್ರೀದೇವಿ ಅಲ್ಲೇನವ್ವ?” ಎಂದರು. ಹೌದು, ಹತ್ತು ಹನ್ನೊಂದರ ವಯಸ್ಸಿನ ಬೇಬಿ ಶ್ರೀದೇವಿ. ಸ್ವಲ್ಪ ಹೊತ್ತು ಸುಮ್ಮನಿದ್ದ ಅಜ್ಜಿ ಮತ್ತೆ ಹೇಳಿದರು: “ಹುಡುಗಿ ತನ್ನ ಮಾತು ಹೇಳಿ ಸುಮ್ನಾಗಲ್ಲ ನೋಡು. ಬ್ಯಾರೆಯವರ ಮಾತು ಕೇಳ್ತಾಳೆ. ಕೇಳಾಕೆ ಬಂದ್ರೆ ಪಾರ್ಟು ಬಂದಂಗೆ.”

ಅವರು ಹೀಗೆ ಹೇಳುವುದಕ್ಕೆ ಅಧಿಕಾರವುಳ್ಳವರು. ಏಳನೆಯ ವಯಸ್ಸಿನಲ್ಲಿ ಒಂದು ನಾಟಕ ಕಂಪನಿಯಲ್ಲಿ ಲೋಹಿತಾಶ್ವನ ಪಾರ್ಟು ಮಾಡಿ, ಅನಂತರ ಬಾಲಕೃಷ್ಣ, ಪ್ರಹ್ಲಾದ, ನಾಯಕಿಯ ಗೆಳತಿ, ನಾಯಕಿ, ಕೊನೆಗೆ ನಾಯಕನ ತಾಯಿ ಎಂದು ಸುಮಾರು ಮೂವತ್ತೈದು ವರ್ಷ ಬಣ್ಣ ಹಚ್ಚಿದವರು. ಓದು ಬರಹ ಅವರಿಗೆ ಅಷ್ಟಾಗಿ ಬರುವುದಿಲ್ಲ. ಹಾರ್ಮೋನಿಯಂ ನುಡಿಸುವ ಪೆಟ್ಟಿಗೆ ಮಾಸ್ತರರ ಪಕ್ಕದಲ್ಲಿ ಕುಳಿತು ತಾಲೀಮು ಕೇಳಿ ಕೇಳಿಯೇ ತಮ್ಮ ಪಾರ್ಟನ್ನಷ್ಟೇ ಅಲ್ಲದೆ ಇಡೀ ನಾಟಕದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದರಂತೆ. ಅವರ ಆ ಒಂದು ಮಾತನ್ನು ಹಿಡಿದು ನಾನು ಈ ತಿಂಗಳೆಲ್ಲ ಶ್ರೀದೇವಿಯವರ ಚಿತ್ರಗಳನ್ನು ಮತ್ತೆ ನೋಡಿದೆ. ಅವರ ಸೌಂದರ್ಯದ ಬಗ್ಗೆ, ನೃತ್ಯದ ಬಗ್ಗೆ ಬೇಕಾದಷ್ಟು ಬರಹಗಳಿವೆ; ಅವರ ಕಿವಿಯ ಬಗ್ಗೆ ಯಾರೂ ಬರೆದದ್ದನ್ನು ನಾನು ಓದಿಲ್ಲ.

ಶ್ರೀದೇವಿ ಹುಟ್ಟಿದ್ದು 1963ರ ಆಗಸ್ಟ್ 13ರಂದು, ತಮಿಳುನಾಡಿನ ಶಿವಕಾಶಿಯ ಬಳಿಯ ಮೀನಂಪಟ್ಟಿಯಲ್ಲಿ. 1969ರ ‘ತುಣೈವನ್’ ಚಿತ್ರದಲ್ಲಿ ಬಾಲ ಮುರುಗನಾಗಿ ನಿಂತ ಮಗುವಿಗೆ ಆಗಿನ್ನೂ ಶಾಲೆಗೆ ಹೋಗುವ ವಯಸ್ಸೂ ಸರಿಯಾಗಿ ಆಗಿರಲಿಲ್ಲ. 1971ರಲ್ಲಿ ‘ಪೂಂಪಾಟ್ಟ’ ಎಂಬ ಮಲಯಾಳಂ ಚಿತ್ರದ ಅಭಿನಯಕ್ಕೆ ಕೇರಳ ರಾಜ್ಯದ ಅತ್ಯುತ್ತಮ ಬಾಲ ಕಲಾವಿದೆ ಪ್ರಶಸ್ತಿ ಬಂತು. ತಮಿಳು, ತೆಲುಗು, ಮಲಯಾಳಂ, ಕನ್ನಡ ಎಂದು ಮದರಾಸಿನ ಸ್ಟುಡಿಯೋಗಳಲ್ಲಿ ಒಂದು ಸೆಟ್ಟಿನಿಂದ ಇನ್ನೊಂದು ಸೆಟ್ಟಿಗೆ ಎತ್ತಿಕೊಂಡು ಹೋಗುತ್ತಿದ್ದ ಆ ಮಗು, ಅರ್ಥವಾಗುವ ಭಾಷೆಯಲ್ಲಿ ಎಷ್ಟು ನಟಿಸಿತೋ ಅರ್ಥವಾಗದ ಭಾಷೆಯಲ್ಲೂ ಅಷ್ಟೇ ನಟಿಸಿತು. ಎದುರಿಗಿರುವವರ ಮಾತು ಎಲ್ಲಿ ಮುಗಿಯುತ್ತದೆ, ದನಿ ಯಾವಾಗ ಏರುತ್ತದೆ, ಯಾವ ಸದ್ದಿಗೆ ತಾನು ತಲೆಯೆತ್ತಬೇಕು ಎಂಬುದನ್ನು ಅರ್ಥಕ್ಕಿಂತ ಮೊದಲು ನಾದದಲ್ಲಿ ಗುರುತಿಸುವುದನ್ನು ಅದು ಅಲ್ಲಿ ಕಲಿತಿರಬೇಕು.

ಮುಕ್ತಾಬಾಯಿಯ ವೇಷದ ಮಾತು ಬಂದಿದ್ದರಿಂದ ಗೋರಾ ಕುಂಬಾರನ ಐತಿಹ್ಯದ ಒಂದು ಪ್ರಸಂಗವನ್ನು ಹೇಳಿಯೇ ಮುಂದೆ ಹೋಗಬೇಕು. ಸಂತರೆಲ್ಲ ಕೂಡಿದ್ದಾಗ, ಜ್ಞಾನೇಶ್ವರರ ತಂಗಿ ಮುಕ್ತಾಬಾಯಿ ಗೋರಾನ ಮಡಕೆ ತಟ್ಟುವ ಹಲಗೆಯನ್ನು ತೋರಿಸಿ, ಇಲ್ಲಿ ಕುಳಿತಿರುವ ಮಡಕೆಗಳಲ್ಲಿ ಯಾವುದು ಬೆಂದಿದೆ, ಯಾವುದು ಹಸಿ ಇದೆ ನೋಡಿ ಹೇಳು ಎನ್ನುತ್ತಾಳೆ. ಗೋರಾ ಒಬ್ಬೊಬ್ಬರ ತಲೆಯನ್ನೂ ತಟ್ಟುತ್ತಾ ಬರುತ್ತಾನೆ, ಸಿಡಿಮಿಡಿಗೊಂಡ ನಾಮದೇವ ಹಸಿ ಮಡಕೆ ಎನ್ನಿಸಿಕೊಳ್ಳುತ್ತಾನೆ. ಗುಂಪಿನಲ್ಲಿ ಎಲ್ಲರಿಗಿಂತ ಕಿರಿಯಳಾದವಳು ಹಿರಿಯರ ಪಾಕವನ್ನು ಪರೀಕ್ಷೆಗೆ ಒಡ್ಡಿದ ಕಥೆ ಇದು. ಬಾಲನಟರ ವಿಷಯದಲ್ಲಿ ನಾವು ಮಾಡುವುದು ಇದರ ತಿರುಗುಮುರುಗು: ಮಗು ಮುದ್ದಾಗಿ ಮಾತಾಡಿದರೆ ಚಪ್ಪಾಳೆ ತಟ್ಟುತ್ತೇವೆ, ಆದರೆ ಅದು ದೊಡ್ಡದಾಗಿ ಎದುರಿಗೆ ಬಂದು ನಿಂತಾಗ ತಲೆ ತಟ್ಟಿ ನೋಡುತ್ತೇವೆ.

ಆ ಪರೀಕ್ಷೆ ಶ್ರೀದೇವಿಗೆ ಬಂದದ್ದು ಬಹಳ ಬೇಗ. 1975ರ ಹಿಂದಿ ಚಿತ್ರ ‘ಜೂಲಿ’ಯಲ್ಲಿ ನಾಯಕಿಯ ಪುಟ್ಟ ತಂಗಿ. ಮರುವರ್ಷವೇ ಕೆ. ಬಾಲಚಂದರ್ ಅವರ ‘ಮೂನ್ಡ್ರು ಮುಡಿಚ್ಚು’ ಚಿತ್ರದಲ್ಲಿ ಕಮಲ್ ಹಾಸನ್ ಮತ್ತು ರಜನೀಕಾಂತ್ ಅವರ ಎದುರು ನಾಯಕಿ. ಅಷ್ಟೇ ಅಲ್ಲ, ಕಥೆಯಲ್ಲಿ ರಜನೀಕಾಂತ್ ಪಾತ್ರಕ್ಕೆ ಮಲತಾಯಿ! ಆಗ ಹುಡುಗಿಯ ವಯಸ್ಸು 13. ಮಗುವಿನ ಪಾತ್ರದಿಂದ ಮಲತಾಯಿಯ ಪಾತ್ರಕ್ಕೆ ನಡುವೆ ಒಂದು ಮೆಟ್ಟಿಲೂ ಇರಲಿಲ್ಲ. ಇದನ್ನು ಪ್ರತಿಭೆಯ ಜಿಗಿತವೆಂದು ಹೊಗಳುವವರು ಬಹಳ. ಅಭಿನಯ ನಿಜಕ್ಕೂ ಚೆನ್ನಾಗಿದೆ, ಆದರೂ ಆ ಚಿತ್ರವನ್ನು ಈಗ ನೋಡುವಾಗ ನನಗೆ ಕಸಿವಿಸಿಯಾಗುತ್ತದೆ.

ಅಜ್ಜಿಯ ಬಳಿ ಹೀಗೆಂದಾಗ ಅವರು ನಕ್ಕರು. ಹದಿನಾಲ್ಕನೆಯ ವಯಸ್ಸಿನಲ್ಲಿ, ನಾಯಕಿ ಪಾರ್ಟಿನವರು ಕ್ಯಾಂಪು ಬಿಟ್ಟು ಹೋದ ರಾತ್ರಿ, ಸೀರೆಯೊಳಗೆ ಬಟ್ಟೆ ತುರುಕಿ ಇವರನ್ನು ರಂಗಕ್ಕೆ ತಳ್ಳಿದ್ದರಂತೆ. ನಾಯಕನ ಪಾರ್ಟು ಮಾಡುತ್ತಿದ್ದವರಿಗೆ ಇವರಷ್ಟೇ ವಯಸ್ಸಿನ ಮಗಳಿದ್ದಳಂತೆ. “ಹೆದ್ರಿಕೆ ಆಗ್ಲಿಲ್ವ ಅಜ್ಜಿ?” ಎಂದು ಕೇಳಿದೆ. “ಮಾತು ಗೊತ್ತಿತ್ತಲ್ಲವ್ವ. ಒಂದು ವರ್ಷದಿಂದ ಸೈಡ್ ವಿಂಗಿನಾಗೆ ನಿಂತು ಕೇಳಿದ್ದೆ” ಎಂದರು. ಆದರೆ ಒಂದು ವ್ಯತ್ಯಾಸವನ್ನೂ ಅವರೇ ಹೇಳಿದರು. ಕಂಪನಿಯಲ್ಲಿ ಬೆಳೆಯುವ ಹುಡುಗಿಗೆ ನಡುವಿನ ವಯಸ್ಸನ್ನು ಕಳೆಯಲು ಸಖಿಯ ಪಾರ್ಟು, ಹಾಡಿನ ಮೇಳ, ಪರದೆಯ ಹಿಂದಿನ ನೂರೆಂಟು ಕೆಲಸಗಳು ಇರುತ್ತಿದ್ದವು. ನಮ್ಮ ದಾವಣಗೆರೆಯವರೇ ಆದ ಚಿಂದೋಡಿ ಲೀಲಾ ಅವರು ಬಾಲ್ಯದಲ್ಲೇ ತಂದೆ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯಲ್ಲಿ ಬಣ್ಣ ಹಚ್ಚಿ, ಅಲ್ಲಿಯೇ ಬೆಳೆದು ನಾಯಕಿಯಾಗಿ, 1988ರಲ್ಲಿ ಪದ್ಮಶ್ರೀ ಪಡೆದು, 2010ರಲ್ಲಿ ತೀರಿಕೊಳ್ಳುವ ಹೊತ್ತಿಗೆ ವೃತ್ತಿ ರಂಗಭೂಮಿಯ ದೊಡ್ಡ ಹೆಸರಾಗಿದ್ದರು. ಆ ದಾರಿಯಲ್ಲಿ ಮೆಟ್ಟಿಲುಗಳಿದ್ದವು. ಸಿನಿಮಾದ ಹುಡುಗಿಗೆ ಅಂಥ ಅನುಕೂಲವಿಲ್ಲ. ಹಲ್ಲು ಬಿದ್ದು ಹುಟ್ಟುವ ವಯಸ್ಸು ಮುಗಿದರೆ ಸೀರೆ ಉಡುವವರೆಗೆ ಮನೆಯಲ್ಲಿರಬೇಕು. ಎಷ್ಟೋ ಬೇಬಿಗಳು ಅಲ್ಲಿಯೇ ಉಳಿದುಬಿಟ್ಟರು.

1977ರಲ್ಲಿ ಬಂದ ಭಾರತಿರಾಜ ಅವರ ಮೊದಲ ಚಿತ್ರ ‘16 ವಯತಿನಿಲೆ’ಯಲ್ಲಿ ಶ್ರೀದೇವಿ ಮಯಿಲ್ ಎಂಬ ಹಳ್ಳಿಯ ಹುಡುಗಿ. ಹದಿನಾರರ ಆ ಪಾತ್ರ ತೆರೆಗೆ ಬಂದಾಗ ಅವರಿಗೆ 14 ತುಂಬಿತ್ತಷ್ಟೆ. ತಮಿಳಿನ ಗ್ರಾಮೀಣ ಚಿತ್ರಗಳ ಹೊಸ ಯುಗವನ್ನು ತೆರೆಯಿತು ಎನ್ನುವ ಈ ಚಿತ್ರದ ಚಿತ್ರೀಕರಣ ಹೆಚ್ಚಾಗಿ ನಡೆದದ್ದು ನಮ್ಮ ಮೈಸೂರು, ಕೊಳ್ಳೇಗಾಲದ ಸುತ್ತಮುತ್ತ. ಆಮೇಲೆ 1982ರ ‘ಮೂನ್ಡ್ರಾಂ ಪಿರೈ’. ಬಾಲು ಮಹೇಂದ್ರ ಅವರ ಈ ಚಿತ್ರದಲ್ಲಿ ಅಪಘಾತದಲ್ಲಿ ನೆನಪು ಕಳೆದುಕೊಂಡು ಮಗುವಿನ ಮನಸ್ಸಿಗೆ ಮರಳಿದ ತರುಣಿಯ ಪಾತ್ರ. ಮರುವರ್ಷ ಹಿಂದಿಯಲ್ಲಿ ‘ಸದ್ಮಾ’ ಎಂದಾಯಿತು. ನನ್ನ ಲೆಕ್ಕದಲ್ಲಿ ಶ್ರೀದೇವಿಯವರ ಎಲ್ಲ ಚಿತ್ರಗಳಿಗಿಂತ ಇದೇ ಮೇಲು. ಮಗುವಿನಂತೆ ನಟಿಸುವ ದೊಡ್ಡವರು ಸಾಮಾನ್ಯವಾಗಿ ತೊದಲುತ್ತಾರೆ, ಕುಣಿಯುತ್ತಾರೆ, ಕೆನ್ನೆ ಉಬ್ಬಿಸುತ್ತಾರೆ. ಇಲ್ಲಿಯೂ ಅವೆಲ್ಲ ಸ್ವಲ್ಪ ಇವೆ. ಆದರೆ ಕಮಲ್ ಹಾಸನ್ ಮಾತಾಡುವಾಗ ಶ್ರೀದೇವಿಯವರ ಮುಖವನ್ನು ಗಮನಿಸಿ: ಹೇಳಿದ್ದು ಅರ್ಥವಾಗದೆ, ಹೇಳುವವನ ದನಿಯಲ್ಲಿ ಕೋಪವಿದೆಯೋ ಪ್ರೀತಿಯಿದೆಯೋ ಎಂದು ಮಾತ್ರ ಹುಡುಕುವ ಮಗುವಿನ ಮುಖ ಅದು. ಪರಭಾಷೆಯ ಸೆಟ್ಟುಗಳಲ್ಲಿ ನಿರ್ದೇಶಕರ ಬಾಯನ್ನೇ ನೋಡುತ್ತಾ ನಿಂತಿದ್ದ ಹುಡುಗಿಗೆ ಆ ನೋಟವನ್ನು ಬೇರೆಲ್ಲಿಂದಲೋ ತರಬೇಕಾಗಿರಲಿಲ್ಲ. ಆಟದ ವಯಸ್ಸಿನಲ್ಲಿ ಆಡಲು ಸಿಗದಿದ್ದ ಆಟವನ್ನು 18ನೆಯ ವಯಸ್ಸಿನಲ್ಲಿ, ಅದೂ ಕ್ಯಾಮೆರಾದ ಮುಂದೆಯೇ, ಆಡಿ ಮುಗಿಸಿದರೇನೋ ಎಂದೂ ಅನ್ನಿಸುತ್ತದೆ.

ಹಿಂದಿಯಲ್ಲಿ ನಾಯಕಿಯಾಗಿ ಮೊದಲು ಬಂದ ‘ಸೋಲ್ವಾ ಸಾವನ್’ (1979) ಓಡಲಿಲ್ಲ. 1983ರ ‘ಹಿಮ್ಮತ್‌ವಾಲಾ’ದಿಂದ ಮುಂದೆ, ‘ನಗೀನಾ’, ‘ಮಿಸ್ಟರ್ ಇಂಡಿಯಾ’ಗಳವರೆಗೆ ನಡೆದದ್ದೆಲ್ಲ ಎಲ್ಲರಿಗೂ ಗೊತ್ತಿರುವಂಥದ್ದು. ಗೊತ್ತಿಲ್ಲದ ಒಂದು ಸಂಗತಿಯೆಂದರೆ, ಹಿಂದಿ ಸರಿಯಾಗಿ ಬಾರದ ಆ ವರ್ಷಗಳಲ್ಲಿ ಅವರ ಅನೇಕ ಪಾತ್ರಗಳಿಗೆ ದನಿ ಕೊಟ್ಟವರು ನಾಜ್. 1954ರ ‘ಬೂಟ್ ಪಾಲಿಶ್’ ಚಿತ್ರದ ಬೇಬಿ ನಾಜ್ ಅವರೇ ಇವರು. ಆ ಅಭಿನಯಕ್ಕೆ ಕಾನ್ ಚಿತ್ರೋತ್ಸವದಲ್ಲಿ ವಿಶೇಷ ಮನ್ನಣೆ ಪಡೆದ ಹುಡುಗಿ, ದೊಡ್ಡವರಾದ ಮೇಲೆ ನಾಯಕಿಯ ಗೆಳತಿ, ತಂಗಿ ಎಂಬಂಥ ಪಾತ್ರಗಳಲ್ಲೇ ದಿನ ನೂಕಬೇಕಾಯಿತು. ಬಾಲನಟಿಯಾಗಿದ್ದು ದೊಡ್ಡ ತಾರೆಯಾದವಳ ಮುಖ ಪರದೆಯ ಮೇಲೆ, ಬಾಲನಟಿಯಾಗಿದ್ದು ತಾರೆಯಾಗದೆ ಉಳಿದವಳ ದನಿ ಅದರ ಹಿಂದೆ. ಡಬ್ಬಿಂಗ್ ಕೋಣೆಯ ಕತ್ತಲಲ್ಲಿ ಇನ್ನೊಬ್ಬಳ ತುಟಿಗಳಿಗೆ ತನ್ನ ಮಾತನ್ನು ಹೊಂದಿಸುತ್ತಿದ್ದ ನಾಜ್ ಅವರಿಗೆ ಏನನ್ನಿಸುತ್ತಿತ್ತೋ!

ಯಶ್ ಚೋಪ್ರಾ ಅವರ ‘ಚಾಂದನಿ’ (1989) ಬರುವ ಹೊತ್ತಿಗೆ ಶ್ರೀದೇವಿ ಹಿಂದಿಯಲ್ಲಿ ತಮ್ಮದೇ ದನಿಯಲ್ಲಿ ಮಾತಾಡಿದರು. ಮಾತಿನಲ್ಲಿ ದಕ್ಷಿಣದ ಎಳೆ ಉಳಿದಿತ್ತು, ಅದನ್ನು ಆಡಿಕೊಂಡವರೂ ಇದ್ದರು. ‘ಜುದಾಯಿ’ (1997) ಆದ ಮೇಲೆ ಸಂಸಾರ, ಮಕ್ಕಳು ಎಂದು ಹದಿನೈದು ವರ್ಷ ಹಿರಿತೆರೆಯಿಂದ ದೂರವಿದ್ದು, 2012ರಲ್ಲಿ ಗೌರಿ ಶಿಂಧೆ ಅವರ ‘ಇಂಗ್ಲಿಷ್ ವಿಂಗ್ಲಿಷ್’ನಲ್ಲಿ ಮರಳಿದರು. ಇಂಗ್ಲಿಷು ಬಾರದೆಂದು ಗಂಡ ಮಕ್ಕಳಿಂದಲೇ ನಗೆಪಾಟಲಿಗೀಡಾಗುವ, ಲಾಡು ಮಾಡಿ ಮಾರುವ ಶಶಿ ಎಂಬ ಗೃಹಿಣಿಯ ಪಾತ್ರ. ಎಲ್ಲರೂ ಹೊಗಳುವುದು ಕೊನೆಯ ಮದುವೆಮನೆಯ ಭಾಷಣವನ್ನು. ನನಗೆ ಇಷ್ಟವಾಗುವುದು ಅದಕ್ಕೂ ಮೊದಲಿನ ಶಶಿ: ಊಟದ ಮೇಜಿನ ಬಳಿ ನಿಂತು ತನಗೆ ತಿಳಿಯದ ಮಾತುಗಳ ನಡುವೆ ಎಲ್ಲಿ ತನ್ನ ಹೆಸರು ಬರುತ್ತದೆ, ಎಲ್ಲಿ ನಗು ಏಳುತ್ತದೆ ಎಂದು ಕಿವಿಗೊಟ್ಟು ನಿಲ್ಲುವವಳು. 2017ರ ‘ಮಾಮ್’ ಅವರ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿಯನ್ನು ತಂದಿತು, ಆದರೆ ಅದು ಘೋಷಣೆಯಾಗುವ ಹೊತ್ತಿಗೆ ಅವರಿರಲಿಲ್ಲ. 2018ರ ಫೆಬ್ರವರಿ 24ರಂದು ದುಬೈನಲ್ಲಿ ತೀರಿಕೊಂಡಿದ್ದರು. ವಯಸ್ಸು 54. ಅದರಲ್ಲಿ ಕ್ಯಾಮೆರಾದ ಮುಂದೆ ನಿಲ್ಲುವುದಕ್ಕೆ ಮೊದಲಿನ ವರ್ಷಗಳನ್ನು ಒಂದು ಕೈಬೆರಳಿನಲ್ಲಿ ಎಣಿಸಿಬಿಡಬಹುದು.

‘ಇಂಗ್ಲಿಷ್ ವಿಂಗ್ಲಿಷ್’ ಚಿತ್ರವನ್ನು ಅಜ್ಜಿಗೆ ತೋರಿಸಬೇಕೆಂದು ಕಳೆದ ವಾರ ಕರೆದಿದ್ದೆ. ಒಳಕೋಣೆಯಲ್ಲಿ ಮಗ ಪರೀಕ್ಷೆಗೆ ಓದುತ್ತಿದ್ದುದರಿಂದ ಟಿವಿಯ ಸದ್ದನ್ನು ಪೂರ್ತಿ ತೆಗೆದಿದ್ದೆ. ಇದ್ದಿದ್ದರೂ ಅವರಿಗೆ ಹಿಂದಿ ಬರುವುದಿಲ್ಲ. ಅಡುಗೆಮನೆಯಲ್ಲಿ ನನಗೆ ಕೆಲಸವಿತ್ತು, ಅವರೊಬ್ಬರೇ ಎಲೆ ಅಡಿಕೆ ಹಾಕಿಕೊಂಡು ಎರಡು ಗಂಟೆಗೂ ಮೀರಿ ಕದಲದೆ ನೋಡಿದರು. ಚಹಾ ಕೊಡುವಾಗ ಕಥೆ ಏನು ಹೇಳಿ ಎಂದೆ. ಗಂಡನ ಅಸಡ್ಡೆ, ಮಗಳ ಸಿಡುಕು, ಅಮೆರಿಕದ ಅಕ್ಕನ ಮನೆ, ಕದ್ದು ಹೋಗುವ ಪಾಠ, ಮದುವೆಯ ದಿನ ಚೆಲ್ಲಿದ ಲಾಡು, ಎಲ್ಲವನ್ನೂ ಒಂದೊಂದಾಗಿ ಹೇಳಿದರು. ತಪ್ಪಿದ್ದು ಒಂದೇ ಕಡೆ. ಶಶಿಯ ಜೊತೆ ಕಲಿಯಲು ಬರುವ ಆ ಫ್ರೆಂಚ್ ಅಡುಗೆಯವನನ್ನು ಅವರು ಮೇಷ್ಟ್ರು ಎಂದುಕೊಂಡಿದ್ದರು. ಅಲ್ಲ ಅಜ್ಜಿ, ಅವನೂ ಕಲಿಯುವವನೇ ಎಂದಾಗ ಒಪ್ಪಲಿಲ್ಲ. “ಮತ್ತೆ ಅವ್ನು ಮಾತಾಡುವಾಗ ಆಕಿ ಅಷ್ಟು ಚೆಂದಾಗಿ ಕೇಳ್ತಿದ್ಲಲ್ಲ?” ಎಂದರು.