ಗಾಯಗಳ ಋತುವಿನ ನಂತರ

ಮಳೆ ಬಿಟ್ಟ ಮೇಲೆ ಇಂದು ಸಂಜೆ ನಮ್ಮ ಫುಟ್‌ಬಾಲ್ ತಂಡದ ಹುಡುಗರು ಕಾರವಾರದ ಟಾಗೋರ್ ಕಡಲತೀರದಲ್ಲಿ ಮತ್ತೆ ಅಭ್ಯಾಸಕ್ಕಿಳಿದರು. ರಕ್ಷಣಾ ವಿಭಾಗದ ಹುಡುಗ ಮಾತ್ರ ಮೊಣಕಾಲಿಗೆ ಕಪ್ಪು ಪಟ್ಟಿ ಬಿಗಿದುಕೊಂಡು, ಚೆಂಡು ಮುಟ್ಟದೆ, ಅಲೆ ತಾಗಿ ಗಟ್ಟಿಯಾದ ಮರಳಿನ ಮೇಲೆ ನಡೆಯುತ್ತಿದ್ದ; ತಿರುಗುವಾಗಲೆಲ್ಲ ಬಲಗಾಲು ಊರುವ ಮುನ್ನ ಅರೆಕ್ಷಣ ತಡೆಯುತ್ತಿದ್ದ.

ಕಳೆದ ಋತುವಿನಲ್ಲಿ ನಾವು ಪಂದ್ಯಗಳಿಗಿಂತ ಮೊದಲು ಆಟಗಾರರನ್ನು ಕಳೆದುಕೊಂಡೆವು. ಹಾಗೆಂದು ತಂಡದ ಕಥೆ ಮುಗಿಯಿತು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಎವರ್ಟನ್ ವಿರುದ್ಧ ಆಡುವಾಗ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ರಕ್ಷಕ ವರ್ಜಿಲ್ ವಾನ್ ಡೈಕ್ ಮೊಣಕಾಲಿನ ಗಾಯದಿಂದ ಇಡೀ ಋತುವಿಗೆ ಹೊರಗುಳಿದು, ಬಳಿಕ ಜೊತೆ ರಕ್ಷಕರಾದ ಗೋಮೆಜ್, ಮ್ಯಾಟಿಪ್ ಕೂಡ ಗಾಯಗೊಂಡಾಗ, ಹಾಲಿ ಚಾಂಪಿಯನ್ ಲಿವರ್‌ಪೂಲ್ ತನ್ನದೇ ಮೈದಾನವಾದ ಆನ್‌ಫೀಲ್ಡ್‌ನಲ್ಲಿ ಸತತ 6 ಲೀಗ್ ಪಂದ್ಯಗಳನ್ನು ಸೋತಿತ್ತು. ಮರುವರ್ಷ, ರಕ್ಷಕರು ಮರಳಿದ ಮೇಲೆ, ಅದೇ ತಂಡ 92 ಅಂಕ ಗಳಿಸಿತು. ಪ್ರಶಸ್ತಿ ಕೈತಪ್ಪಿದ್ದು ಒಂದೇ ಅಂಕದಿಂದ.

ಲಿವರ್‌ಪೂಲ್‌ನವರು ಕೊನಾಟೆ ಎಂಬ ಹೊಸ ರಕ್ಷಕನನ್ನು ಕೊಂಡರು, ನಮಗೆ ಆ ಶಕ್ತಿಯಿಲ್ಲ. ಆದ್ದರಿಂದಲೇ ಈ ಹುಡುಗನನ್ನು ಮೊದಲ ಪಂದ್ಯಕ್ಕೇ ಇಳಿಸುವ ಆಸೆ ಎಲ್ಲರಲ್ಲೂ ಇದೆ. ಆದರೆ ಅಸ್ಥಿರಜ್ಜು (ಮೂಳೆಗಳನ್ನು ಹಿಡಿದಿಡುವ ನಾರು) ಹರಿದ ಮೊಣಕಾಲು ಗುಣವಾಗಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಕಿರಿಯರಲ್ಲೊಬ್ಬನನ್ನು ಆ ಜಾಗದಲ್ಲಿ ಆಡಿಸಿ, ಆರಂಭದ ಕೆಲವು ಸೋಲುಗಳನ್ನು ಸಹಿಸೋಣವೆಂದು ತರಬೇತುದಾರರಲ್ಲಿ ಕೇಳಿಕೊಂಡಿದ್ದೇನೆ.