ಶನಿವಾರದ್ದೂ ನೋಡಿ ಆಯ್ತಾ ಸಾರ್?

ಗುರುವಾರದಿಂದ ಈ ಒಂದು ಮಾತು ಕಿವಿಯಲ್ಲೇ ಕೂತಿದೆ. ಹೇಳಿದವರು ನಮ್ಮ ಫೋರ್ಕ್‌ಲಿಫ್ಟ್ ಓಡಿಸುವ ಅಣ್ಣ. ಭದ್ರಾವತಿ ಕಡೆಯವರು, ಐವತ್ತು ದಾಟಿದೆ, ಮಾತು ಕಮ್ಮಿ.

ಶಿವಮೊಗ್ಗದ ಹತ್ತಿರ ಮಾಚೇನಹಳ್ಳಿಯ ನಮ್ಮ ಸ್ಟೋರಿಗೆ ಬೆಳಿಗ್ಗೆ ಎಂಟಕ್ಕೇ ಲಾರಿ ಬಂದು ನಿಂತಿತ್ತು. ಎರಕದ ಮಾಲು, ಒಂದೊಂದು ಕ್ರೇಟೂ ಹತ್ತಿರ ಹತ್ತಿರ ಒಂದು ಟನ್. ಹೊರಗೆ ಪುನರ್ವಸು ಮಳೆ. ಲಾರಿ ಡ್ರೈವರ್ ಹಾರ್ನ್ ಮೇಲೆ ಹಾರ್ನ್. ಇವರು ನೋಡಿದರೆ ಫೋರ್ಕ್‌ಲಿಫ್ಟ್ ಅಡಿಯಿಂದ ರಟ್ಟು ಎಳೀತಿದ್ದಾರೆ.

ಆ ರಟ್ಟಿನ ವಿಷಯ ಹೇಳಲೇಬೇಕು. ದಿನಾ ಸಂಜೆ ಗಾಡಿ ನಿಲ್ಲಿಸಿ, ಅಡಿಗೆ ಒಂದು ಹಳೇ ರಟ್ಟು ಹಾಸಿ ಮನೆಗೆ ಹೋಗುತ್ತಾರೆ. ಮಳೆಗಾಲದಲ್ಲಿ ನಮ್ಮ ನೆಲ ಸದಾ ಒದ್ದೆ, ಸೋರಿದ್ದು ನೀರೋ ಎಣ್ಣೆಯೋ ತಿಳಿಯಲ್ಲ. ರಟ್ಟಿನ ಮೇಲೆ ತಿಳಿಯುತ್ತೆ. ಆಮೇಲೆ ಟೈರು, ಚೈನು, ಸೀಟ್ ಬೆಲ್ಟು. ಮಾಲು ಎತ್ತುವ ಫೋರ್ಕ್, ಅಂದ್ರೆ ಮುಂದಿನ ಎರಡು ಕಬ್ಬಿಣದ ತೋಳು, L ಆಕಾರದಲ್ಲಿ ಬಾಗಿದ ಜಾಗದಲ್ಲಿ ಬಿರುಕು, ಸವೆತ. ಅಲ್ಲಿ ದಪ್ಪ ಶೇಕಡಾ 10 ಸವೆದರೆ ಎತ್ತುವ ತಾಕತ್ತು ಶೇಕಡಾ 20 ಹೋಯಿತು ಅಂತಲೇ ಲೆಕ್ಕ, ಪ್ಲೇಟಿನಲ್ಲಿ 3 ಟನ್ ಅಂತ ಬರೆದಿದ್ದರೂ. ಸ್ಟಾರ್ಟ್ ಮಾಡಿ ಬ್ರೇಕು, ಹಾರ್ನು. ಕೊನೆಗೆ ಖಾಲಿ ಮಾಸ್ಟನ್ನು, ಅಂದ್ರೆ ಫೋರ್ಕ್ ಏರಿಳಿಯುವ ಕಂಬವನ್ನು, ಎತ್ತಿ, ಇಳಿಸಿ, ಹಿಂದೆ ಮುಂದೆ ಬಾಗಿಸುವುದು. ಹತ್ತು ನಿಮಿಷದ ಕೆಲಸ. ನನಗೆ ಆ ಹತ್ತು ನಿಮಿಷ ಆಗಿಬರಲ್ಲ.

"ನಿನ್ನೆ ಸರಿ ಇತ್ತಲ್ಲ ಮಾರಾಯ್ರೆ, ಹತ್ತಿ" ಅಂದೆ.

ಅವರು ರಟ್ಟು ತೋರಿಸಿದರು. ಎಂಟಾಣೆ ಅಗಲದ ಕಲೆ, ಅಂಚಿನಲ್ಲಿ ಹರಡಿ ಮಿರುಗುತ್ತಿತ್ತು. ಪಕ್ಕದ ಶೆಡ್ಡಿನ ಆಪರೇಟರನ್ನು ಸೀಟಿಗೆ ಕೂರಿಸಿ ಗಾಡಿ ಸ್ಟಾರ್ಟ್ ಮಾಡಿಸಿದರು. ಒಣ ರಟ್ಟೊಂದನ್ನು ಕೋಲಿಗೆ ಸಿಕ್ಕಿಸಿ ಮಾಸ್ಟ್ ಬಾಗಿಸುವ ಟಿಲ್ಟ್ ಸಿಲಿಂಡರಿಗೆ ಭಾರೀ ಒತ್ತಡದಲ್ಲಿ ಎಣ್ಣೆ ಒಯ್ಯುವ ಹೋಸ್ ಹತ್ತಿರ ಹಿಡಿದರು. ನಾನು ಸುಮ್ನೆ ಬೆರಳು ಚಾಚಿದೆ, ಫಟ್ಟಂತ ಕೈಗೆ ಹೊಡೆದರು. ಆ ಒತ್ತಡದಲ್ಲಿ ಸೂಜಿತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತೆ. ಮೇಲೆ ಚುಚ್ಚಿದ ಗುರುತಷ್ಟೇ ಕಾಣೋದು, ಬೆರಳೇ ಹೋಗಬಹುದು. ರಟ್ಟಿನ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕಿಗಳು ಒಂದೊಂದಾಗಿ ಮೂಡಿದವು.

ಗಾಡಿ ಆಫ್ ಮಾಡಿಸಿ, ದೋಷ ಬರೆಯೋಕೆ ಮೊಳೆಗೆ ನೇತುಹಾಕಿದ್ದ ತಪಾಸಣೆ ಹಾಳೆ ತೆಗೆದರು. ಸ್ವಲ್ಪ ಹೊತ್ತು ನೋಡಿದರು. ಸೋಮವಾರ ಟೀ ಕುಡೀತಾ ವಾರಕ್ಕೆ ಆಗುವಷ್ಟು ರೈಟ್ ಮಾರ್ಕ್ ನಾನೇ ಹಾಕಿಟ್ಟಿದ್ದೆ. ಎಣ್ಣೆ ಸೋರಿಕೆ: ಗುರುವಾರ ಸರಿ, ಶುಕ್ರವಾರ ಸರಿ.

"ಶನಿವಾರದ್ದೂ ನೋಡಿ ಆಯ್ತಾ ಸಾರ್?"

ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಜಗಳ ಆಡಿ ಮರೆತುಬಿಡುತ್ತಿದ್ದೆ.

ಹೋಸ್ ಬದಲಾಯಿಸಿ ಲಾರಿ ಹೊರಟಾಗ ಮಧ್ಯಾಹ್ನ. ಲೇಟ್ ಯಾಕೆ ಅಂತ ಮ್ಯಾನೇಜರ್ ಕೂಗಾಡಿದರು. ಪ್ರತಿ ಮಾರ್ಚ್ 4ಕ್ಕೆ, ರಾಷ್ಟ್ರೀಯ ಸುರಕ್ಷತಾ ದಿನ ಅಂತ, ಮೈಕ್ ಹಿಡಿದು ನಮಗೆಲ್ಲ ಸುರಕ್ಷತೆಯ ಪ್ರತಿಜ್ಞೆ ಬೋಧಿಸೋದೂ ಅವರೇ. ಅವರ ಮೇಲೆ ಸಿಟ್ಟು ಬಂತು, ಆದರೆ ಆ ಹಾಳೆ ಬರೆದವನು ನಾನಲ್ವಾ?

ತಮಾಷೆ ಅಂದ್ರೆ, ಈ ಮಳೆಯಲ್ಲಿ ನಾನು ದಿನಾ ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಹತ್ತಿರ ಬೈಕ್ ನಿಲ್ಲಿಸಿ, ತುಂಗೆಯ ಮಂಟಪ ಎಷ್ಟು ಮುಳುಗಿದೆ ಅಂತ ನೋಡಿಯೇ ಬರೋದು. ನಿನ್ನೆ ನೋಡಿದ್ದೀನಿ, ಇವತ್ತು ಬೇಡ ಅಂತ ಒಂದು ದಿನವೂ ಅನಿಸಿಲ್ಲ. ಊರಿಗೆ ಊರೇ ಹಾಗೆ. ಅತ್ತ ತೀರ್ಥಹಳ್ಳಿಯಲ್ಲಿ ಅಪ್ಪ ಶುಗರ್ ಬರೆಯೋ ಪುಸ್ತಕದಲ್ಲಿ ತಿಂಗಳಿಡೀ 120, 118, 122. ಚುಚ್ಚಿಕೊಳ್ಳುವ ಸೂಜಿ ಡಬ್ಬಿಯ ಸೀಲ್ ಒಡೆದಿಲ್ಲ. ಅಮ್ಮ ದೂರು ಹೇಳಿದಾಗ ನಕ್ಕಿದ್ದೆ. ಈಗ ಗೊತ್ತಾಯ್ತು, ನನಗೆ ಈ ಕೈಬರಹ ಎಲ್ಲಿಂದ ಬಂತು ಅಂತ.

ಶುಕ್ರವಾರ, ಶನಿವಾರದ ಮಾರ್ಕ್‌ಗಳ ಮೇಲೆ ಗೀಟು ಎಳೆದು ಸಹಿ ಹಾಕಿದೆ. ಹಾಳೆ ಗಲೀಜಾಗಿ ಕಾಣುತ್ತೆ. ಅಣ್ಣ ಅದರ ಪಕ್ಕದಲ್ಲೇ ಸಣ್ಣ ಜಾಗ ಹುಡುಕಿ ತಮ್ಮ ಪೆನ್ಸಿಲಿನಲ್ಲಿ ಬರೀತಿದ್ದಾರೆ. ಮುಂದಿನ ತಿಂಗಳು ಆಡಿಟ್‌ನವರು ಬರುತ್ತಾರೆ, ಈ ಗೀಟು ಏನು ಅಂತ ಕೇಳೇ ಕೇಳ್ತಾರೆ.